ನೋವಾದಷ್ಟೂ ಗುಣವೇ?

ಪ್ರಿಯ ಶಿಷ್ಯರೇ, 35 ವರ್ಷ ಕರಿಹಲಗೆಯ ಮೇಲೆ ಬರೆದು ಬಿಗಿದುಕೊಂಡ ನನ್ನ ಬಲಭುಜಕ್ಕೆ ಮೊನ್ನೆ ‘ಡೀಪ್ ಟಿಶ್ಯೂ ಮಸಾಜ್’ ಮಾಡಿಸಿದೆ. ಮೊಣಕೈಯೂರಿ ಒತ್ತುತ್ತಿದ್ದ ಯುವಕ, ನಾನು ನರಳಿದಾಗ, “ವಿಷ ಹೊರಗೆ ಹೋಗ್ತಾ ಇದೆ ಸಾರ್, ತಡ್ಕೊಳ್ಳಿ” ಎಂದ. ಶುದ್ಧ ಸುಳ್ಳು! ದೇಹದ ಕಲ್ಮಶ ಕಳೆಯುವವು ಯಕೃತ್ತು, ಮೂತ್ರಪಿಂಡಗಳು, ಯಾರದೋ ಮೊಣಕೈಯಲ್ಲ.

ಆಳದ ಸ್ನಾಯುಗಳನ್ನು ನಿಧಾನವಾಗಿ ಒತ್ತುವಾಗ ತುಸು ನೋವು ಸಹಜ. ಒಂದೆರಡು ದಿನ ಉಳಿಯಲೂಬಹುದು. ಉಸಿರು ಬಿಗಿಹಿಡಿಯುವಷ್ಟು ನೋವಾದರೆ ಸ್ನಾಯು ಸಡಿಲಗೊಳ್ಳದು, ಸೆಟೆಯುತ್ತದೆ. ಆಗ ಸಂಕೋಚವಿಲ್ಲದೆ “ಸಾಕು” ಎನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿರುವವರು ಮೊದಲು ವೈದ್ಯರನ್ನು ಕಾಣಬೇಕು. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಒತ್ತುವುದು ಪ್ರಾಣಾಪಾಯ. ಇವಾವುದನ್ನೂ ಅಲ್ಲಿ ನನ್ನನ್ನು ಯಾರೂ ವಿಚಾರಿಸಲಿಲ್ಲ.

ನಿಮ್ಮಲ್ಲಿ ಕೆಲವರು ಈಗ ನಗುತ್ತಿರಬಹುದು. ಬೆತ್ತವಿಲ್ಲದೆ ವಿದ್ಯೆಯಿಲ್ಲವೆಂದು ನಂಬಿದ್ದ ಮೇಷ್ಟರು ನಾನೇ ಅಲ್ಲವೇ?