ಗೂಡಿನ ದರವೂ ಬಜೆಟ್‌ನ ಒಂದು ಸಾಲೂ

2011ರ ಫೆಬ್ರುವರಿ 28ರಂದು ಅಂದಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿ ಮಂಡಿಸಿದ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸುವ ಒಂದು ಸಾಲಿತ್ತು. ದೆಹಲಿಯಲ್ಲಿ ಅದನ್ನು ಗಮನಿಸಿದವರು ಕಡಿಮೆ. ರಾಮನಗರ, ಶಿಡ್ಲಘಟ್ಟ, ಕೋಲಾರದ ರೇಷ್ಮೆ ರೈತರಿಗೆ ಮಾತ್ರ ಆ ವರ್ಷದ ಬಜೆಟ್ ಎಂದರೆ ಆ ಒಂದೇ ಸಾಲು. ಕೆಲವೇ ತಿಂಗಳಲ್ಲಿ ಗೂಡಿನ ದರ ನೆಲಕಚ್ಚಿತು, ಪ್ರತಿಭಟನೆಗಳಾದವು, ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಇಟ್ಟವರೂ ಇದ್ದರು.

ದರ ಬಿದ್ದಾಗ ರಾಗಿ ಬೆಳೆದವನು ಮೂಟೆ ಕಟ್ಟಿ ಮನೆಯಲ್ಲಿಟ್ಟು ಕಾಯಬಹುದು. ಗೂಡು ಬೆಳೆದವನಿಗೆ ಆ ಭಾಗ್ಯವಿಲ್ಲ. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಬೇಗ ಮಾರುಕಟ್ಟೆಗೆ ತರಬೇಕು. ತಡವಾದರೆ ಒಳಗಿನ ಹುಳು ಪತಂಗವಾಗಿ ಗೂಡು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಹೀಗಾಗಿ ರಾಮನಗರದ ಹರಾಜಿನಲ್ಲಿ ಅಂದು ಬಂದ ದರವೇ ದರ. ಚೀನಾದ ನೂಲು ಅಗ್ಗವಾಯಿತೆಂದರೆ ಇಲ್ಲಿ ನೂಲು ಬಿಚ್ಚುವ ರೀಲರ್ ತನ್ನ ಬಿಡ್ ಇಳಿಸುತ್ತಾನೆ, ಪೆಟ್ಟು ನೇರವಾಗಿ ರೈತನ ಮೇಲೆ ಬೀಳುತ್ತದೆ.

ಹಾಗಾದರೆ ಸುಂಕ ಎತ್ತರದಲ್ಲೇ ಇರಲಿ ಎಂದುಬಿಡಬಹುದೇ? ಅಷ್ಟು ಸಲೀಸಲ್ಲ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮುಂದೆ ನಿಂತವರಿಗೆ ಇದೇ ಕಥೆ ತಿರುವುಮುರುವಾಗಿ ಕಾಣುತ್ತದೆ. ಮಗ್ಗದ ಹಾಸು ಎಳೆಗೆ ಬೇಕಾದದ್ದು ಗಂಟಿಲ್ಲದ, ದಪ್ಪ ಒಂದೇ ಸಮನಾಗಿರುವ, ಎಳೆದರೆ ತುಂಡಾಗದ ನೂಲು. ಚರಕದಲ್ಲಿ ಬಿಚ್ಚಿದ ಸ್ಥಳೀಯ ನೂಲು ಹೊಕ್ಕಿಗೆ ಆದೀತು, ವೇಗದ ಮಗ್ಗದ ಹಾಸಿಗೆ ತಡೆಯದು. ಎಳೆ ಹರಿದಾಗಲೆಲ್ಲ ಮಗ್ಗ ನಿಲ್ಲುತ್ತದೆ, ನಿಂತಷ್ಟು ಹೊತ್ತು ಕೂಲಿಯೂ ನಿಲ್ಲುತ್ತದೆ. ಅದಕ್ಕೇ ನೇಕಾರರು ಚೀನಾದ ನೂಲು ಕೇಳುತ್ತಾ ಬಂದರು. ಸುಂಕ ಏರಿದರೆ ಅವರ ಖರ್ಚು ಏರುತ್ತದೆ, ಸೀರೆಯ ಬೆಲೆ ಏರುತ್ತದೆ, ಗಿರಾಕಿ ಪಾಲಿಯೆಸ್ಟರ್ ಕಡೆ ತಿರುಗುತ್ತಾನೆ. ಒಂದೇ ರಾಜ್ಯದಲ್ಲಿ, ಒಂದು ಗಂಟೆಯ ದಾರಿಯ ಅಂತರದಲ್ಲಿ, ಒಬ್ಬನ ರಕ್ಷಣೆ ಇನ್ನೊಬ್ಬನ ತೆರಿಗೆ.

ಈ ಜಗಳ ಹೊಸದೂ ಅಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜಪಾನ್, ಚೀನಾಗಳ ಅಗ್ಗದ ರೇಷ್ಮೆ ಮೈಸೂರು ಸಂಸ್ಥಾನದ ಬೆಳೆಗಾರರನ್ನು ಹಣ್ಣುಗಾಯಿ ಮಾಡಿತ್ತು. 1933ರಲ್ಲಿ ಭಾರತದ ಸುಂಕ ಮಂಡಳಿ ರೇಷ್ಮೆಗೆ ರಕ್ಷಣೆ ಬೇಕೇ ಎಂದು ವಿಚಾರಣೆ ನಡೆಸಿತು, ಮರುವರ್ಷ ರಕ್ಷಣಾ ಸುಂಕ ಬಂತು. ಆ ಕಾಲದ ಸುಂಕ ಮಂಡಳಿಗೆ ಒಂದು ಅಳತೆಗೋಲಿತ್ತು. 1921-22ರ ಇಂಡಿಯನ್ ಫಿಸ್ಕಲ್ ಕಮಿಷನ್ ಹಾಕಿಕೊಟ್ಟ ಮೂರು ಷರತ್ತುಗಳವು: ಉದ್ಯಮಕ್ಕೆ ಇಲ್ಲಿ ಸಹಜ ಅನುಕೂಲ ಇರಬೇಕು, ರಕ್ಷಣೆ ಇಲ್ಲದೆ ಅದು ಬೆಳೆಯದಂತಿರಬೇಕು, ಮುಂದೊಂದು ದಿನ ರಕ್ಷಣೆ ಇಲ್ಲದೆಯೂ ಜಗತ್ತಿನ ಪೈಪೋಟಿಗೆ ನಿಲ್ಲುವಂತಾಗಬೇಕು. ವಸಾಹತು ಸರ್ಕಾರ ಅದನ್ನು ಭಾರತೀಯ ಉದ್ಯಮಗಳ ವಿರುದ್ಧವೂ ಬಳಸಿತು, ನಿಜ. ಆದರೆ ಮೂರನೆಯ ಷರತ್ತಿನಲ್ಲಿದ್ದ ಪ್ರಶ್ನೆ ಸರಿಯಾದದ್ದೇ. ಇಂದಿನ ಬಜೆಟ್ ಭಾಷಣಗಳಲ್ಲಿ ಅದು ಕೇಳಿಸುವುದು ಅಪರೂಪ.

ಮಂಡ್ಯದ ಕಬ್ಬಿನ ಕಥೆಯೂ ಅದೇ ದಶಕದ್ದು. 1932ರಲ್ಲಿ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ ಬಂದು, ಜಾವಾದಿಂದ ಹಡಗುಗಟ್ಟಲೆ ಬರುತ್ತಿದ್ದ ಸಕ್ಕರೆಗೆ ಭಾರಿ ಸುಂಕ ಬಿತ್ತು. ದೇಶದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಗಿರಣಿಗಳು ನಾಲ್ಕೈದು ವರ್ಷಗಳಲ್ಲಿ ನೂರು ದಾಟಿದವು. 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿ, ಜನರ ಬಾಯಲ್ಲಿ ಮೈಷುಗರ್, ಅವುಗಳಲ್ಲೊಂದು. ಆದರೆ ಮಂಡ್ಯವನ್ನು ಮಾಡಿದ್ದು ಸುಂಕವೊಂದೇ ಅಲ್ಲ. ಕನ್ನಂಬಾಡಿ ಅಣೆಕಟ್ಟೆಯ ನೀರು ನಾಲೆಗೆ ಹರಿದದ್ದು, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕಾರ್ಖಾನೆಯ ಬೆನ್ನಿಗೆ ನಿಂತದ್ದು, ಸಂಸ್ಥಾನವೇ ಬಂಡವಾಳ ಹೂಡಿದ್ದು ಎಲ್ಲ ಒಟ್ಟಿಗೆ ಕೂಡಿಬಂತು. ಸುಂಕ ಸಮಯ ಕೊಟ್ಟಿತು, ಆ ಸಮಯದಲ್ಲಿ ಮಾಡಬೇಕಾದ ಕೆಲಸವನ್ನು ಬೇರೆಯವರು ಮಾಡಿದರು.

ಸ್ವಾತಂತ್ರ್ಯಾನಂತರದ ನಾಲ್ಕು ದಶಕ ಸಮಯವನ್ನು ಕೊಡುತ್ತಲೇ ಹೋದೆವು, ಲೆಕ್ಕ ಕೇಳಲಿಲ್ಲ. 1991ರ ಹೊತ್ತಿಗೆ ಕೆಲವು ಸರಕುಗಳ ಮೇಲಿನ ಸುಂಕ ಶೇ 300ನ್ನೂ ಮೀರಿತ್ತು. ಆ ಗೋಡೆ ಇಳಿದಾಗ ಏನಾಯಿತು ಎಂಬುದಕ್ಕೆ ಗಟ್ಟಿ ಅಧ್ಯಯನಗಳಿವೆ. ಅರ್ಥಶಾಸ್ತ್ರಜ್ಞೆ ಪೆಟಿಯಾ ಟೊಪಲೋವಾ ಮತ್ತು ಮೂವರು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಭಾರತದ ಕಂಪನಿಗಳು ಹೊಸದಾಗಿ ತಯಾರಿಸತೊಡಗಿದ ಉತ್ಪನ್ನಗಳಲ್ಲಿ ಶೇ 31ರಷ್ಟಕ್ಕೆ ಕಚ್ಚಾ ಸಾಮಗ್ರಿ, ಬಿಡಿಭಾಗಗಳ ಸುಂಕ ಇಳಿದದ್ದೇ ಕಾರಣ. ಅದೇ ಟೊಪಲೋವಾ ಅದೇ ವರ್ಷ ಇನ್ನೊಂದು ಲೇಖನದಲ್ಲಿ ಕಂಡುಕೊಂಡದ್ದು ಬೇರೆಯೇ: ಸುಂಕ ಇಳಿಕೆಯ ಹೊಡೆತ ಹೆಚ್ಚು ಬಿದ್ದ ಗ್ರಾಮೀಣ ಜಿಲ್ಲೆಗಳಲ್ಲಿ ಬಡತನ ಉಳಿದೆಡೆಗಿಂತ ನಿಧಾನವಾಗಿ ಇಳಿಯಿತು. ಕೆಲಸ ಕಳೆದುಕೊಂಡವರು ಜಿಲ್ಲೆ ಬಿಟ್ಟು ಹೋಗಲಿಲ್ಲ, ಬೇರೆ ಕಸುಬಿಗೂ ಸುಲಭವಾಗಿ ಹೊರಳಲಿಲ್ಲ. ಮುಕ್ತ ವ್ಯಾಪಾರದ ವಕೀಲರು ಮೊದಲನೆಯ ಲೇಖನವನ್ನು ಎತ್ತಿ ಆಡುತ್ತಾರೆ, ವಿರೋಧಿಗಳು ಎರಡನೆಯದನ್ನು. ಎರಡನ್ನೂ ಒಟ್ಟಿಗೆ ಓದುವುದೇ ಪ್ರಾಮಾಣಿಕತೆ.

ಸುಂಕ ಕಟ್ಟುವವರು ಹೊರದೇಶದವರು ಎಂಬ ಭ್ರಮೆಯೂ ಚಾಲ್ತಿಯಲ್ಲಿದೆ. ಅಮೆರಿಕ 2018ರಲ್ಲಿ ಆಮದು ವಾಷಿಂಗ್ ಮಷಿನ್‌ಗಳ ಮೇಲೆ ಸುಂಕ ಹಾಕಿದಾಗ ಅವುಗಳ ಬೆಲೆ ಅಲ್ಲಿಯ ಅಂಗಡಿಗಳಲ್ಲೇ ಶೇ 12ರಷ್ಟು ಏರಿತು. ತಮಾಷೆಯೆಂದರೆ ಸುಂಕವೇ ಇಲ್ಲದ ಡ್ರೈಯರ್‌ಗಳ ಬೆಲೆಯೂ ಏರಿತು, ಏಕೆಂದರೆ ಎರಡನ್ನೂ ಜೋಡಿಯಾಗಿ ಮಾರುತ್ತಾರೆ. ಹುಟ್ಟಿದ ಉದ್ಯೋಗ ಸುಮಾರು 1,800. ಒಂದೊಂದಕ್ಕೆ ಗ್ರಾಹಕರು ತೆತ್ತದ್ದು 8 ಲಕ್ಷ ಡಾಲರ್‌ಗೂ ಹೆಚ್ಚು ಎಂದು ಅಲ್ಲಿಯ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು.

ಮತ್ತೆ ರೇಷ್ಮೆಗೆ ಬಂದರೆ, ಸುಂಕ ಶೇ 5ರಲ್ಲಿ ನಿಲ್ಲಲಿಲ್ಲ. 2013ರಲ್ಲಿ ಶೇ 15 ಆಯಿತು, ನಡುವೆ ಶೇ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ ಶೇ 15ಕ್ಕೆ ಹತ್ತಿತು. ಹೀಗೆ ಏರಿಳಿಯುವ ಸುಂಕ ಯಾರಿಗೂ ಒದಗುವುದಿಲ್ಲ. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ಹತ್ತಾರು ವರ್ಷ ಇರುವ ಗಿಡ. ಹುಳು ಮನೆ ಕಟ್ಟಲು ರೈತ ಸಾಲ ಮಾಡುತ್ತಾನೆ. ರೀಲರ್ ಯಂತ್ರಕ್ಕೆ ಸಾಲ ಮಾಡುತ್ತಾನೆ. ಮುಂದಿನ ಫೆಬ್ರುವರಿಯಲ್ಲಿ ಏನಾಗುತ್ತದೋ ಗೊತ್ತಿಲ್ಲದವನು ದೊಡ್ಡ ಯಂತ್ರಕ್ಕೆ ಹಣ ಹಾಕದೆ ಚರಕದಲ್ಲೇ ದಿನ ದೂಡುತ್ತಾನೆ.

ಇಷ್ಟರ ನಡುವೆಯೂ ದೇಶದ ಕಚ್ಚಾ ರೇಷ್ಮೆ ಉತ್ಪಾದನೆ 2010-11ರ ಸುಮಾರು 20 ಸಾವಿರ ಟನ್‌ಗಳಿಂದ 2022-23ರಲ್ಲಿ 36 ಸಾವಿರ ಟನ್ ದಾಟಿತು. ಇದರಲ್ಲಿ ಈಶಾನ್ಯದ ಎರಿ ರೇಷ್ಮೆಯ ಪಾಲೂ ದೊಡ್ಡದು, ಎಲ್ಲವೂ ನಮ್ಮ ಹಿಪ್ಪುನೇರಳೆಯದಲ್ಲ. ಆದರೂ ಹಿಪ್ಪುನೇರಳೆ ರೇಷ್ಮೆಯಲ್ಲಿ ಗುಣಮಟ್ಟ ಬದಲಾದದ್ದು ನಿಜ, ಅದಕ್ಕೆ ಕಾರಣ ದ್ವಿತಳಿ ಗೂಡು ಮತ್ತು ಸ್ವಯಂಚಾಲಿತ ರೀಲಿಂಗ್ ಯಂತ್ರ. ಮಿಶ್ರತಳಿಗಿಂತ ಕಡಿಮೆ ತೂಕದ ದ್ವಿತಳಿ ಗೂಡಿನಲ್ಲಿ ಒಂದು ಕಿಲೋ ನೂಲು ಸಿಗುತ್ತದೆ, ಎಳೆಯೂ ಸಮ. ಆ ಯಂತ್ರಗಳು ನೀಡುವ ನೂಲು ಹಾಸಿಗೆ ನಿಲ್ಲುತ್ತದೆ. ಚೀನಾದ ನೂಲಿಗೆ ಬೇಲಿ ಹಾಕಿ ಎಂದು ಕೇಳಿದ ಉದ್ಯಮಕ್ಕೆ ಬಲ ತುಂಬಿದ ಈ ಯಂತ್ರಗಳು ಬಂದದ್ದು ಎಲ್ಲಿಂದ? ಬಹುಪಾಲು ಚೀನಾದಿಂದಲೇ, ಸರ್ಕಾರದ ಸಹಾಯಧನದೊಂದಿಗೆ. ನೂಲಿನ ಮೇಲೆ ಹಾಕಿದಂತೆ ಯಂತ್ರದ ಮೇಲೂ ದೇಶಾಭಿಮಾನದ ಸುಂಕ ಹಾಕಿದ್ದರೆ ರೀಲರ್‌ನ ಕೈಗೆ ಅದು ಎಟುಕುತ್ತಿರಲಿಲ್ಲ.

ರೇಷ್ಮೆಗೆ ಇಂದೂ ಸುಂಕ ಬೇಕು. ಬೇಡವಾದದ್ದು ಗೊತ್ತುಗುರಿ ಇಲ್ಲದ ಸುಂಕ. ಶೇ 15 ಎಂದರೆ ಎಷ್ಟು ವರ್ಷ, ಆಮೇಲೆ ಯಾವ ಮೆಟ್ಟಿಲುಗಳಲ್ಲಿ ಇಳಿಯುತ್ತದೆ ಎಂಬುದನ್ನು ಬಜೆಟ್ ಮೊದಲೇ ಹೇಳಬೇಕು. ಆ ಸುಂಕದಿಂದ ಬಂದ ಹಣದಲ್ಲಿ ಒಂದು ಪಾಲು ಚರಕ, ಕಾಟೇಜ್ ಬೇಸಿನ್ ಇಟ್ಟುಕೊಂಡ ಸಣ್ಣ ರೀಲರ್‌ಗಳು ಒಟ್ಟಾಗಿ ಯಂತ್ರ ಕೊಳ್ಳುವುದಕ್ಕೆ ಹೋಗಬೇಕು. ಸುಂಕ ಬದಲಿಸುವ ಮುನ್ನ ಗೂಡಿನ ಮಾರುಕಟ್ಟೆಯಲ್ಲಿ ಒಂದು, ಮಗ್ಗದ ಊರಿನಲ್ಲಿ ಒಂದು ಬಹಿರಂಗ ವಿಚಾರಣೆ ನಡೆಯಬೇಕು. 1933ರ ಸುಂಕ ಮಂಡಳಿ ಸಾಕ್ಷ್ಯ ಕೇಳಿ, ವರದಿ ಬರೆದು, ಅದನ್ನು ಅಚ್ಚು ಹಾಕಿಸಿತ್ತು. ಪರಕೀಯ ಆಡಳಿತದಲ್ಲಿ ನಡೆದ ಅಷ್ಟನ್ನಾದರೂ ಶಿಡ್ಲಘಟ್ಟದ ರೈತ, ದೊಡ್ಡಬಳ್ಳಾಪುರದ ನೇಕಾರ ಈಗ ತಮ್ಮ ಸಂಸದರಲ್ಲಿ ಕೇಳಬಹುದು.