‘ಉಷ್ಣ’ದ ಹಿಂದಿನ ಹಾರ್ಮೋನು

ಬೇಸಿಗೆಯಲ್ಲಿ ಮಕ್ಕಳ ಮೂತ್ರ ಕಡುಹಳದಿಯಾದರೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆ ‘ಉಷ್ಣವಾಗಿದೆ’ ಎನ್ನುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಬೆವರಿನಲ್ಲಿ ನೀರು ಹೋಗಿ ರಕ್ತ ತುಸು ಗಟ್ಟಿಯಾದರೂ ಮೆದುಳಿನ ಹೈಪೊಥಲಾಮಸ್‌ಗೆ ತಿಳಿಯುತ್ತದೆ. ಬಾಯಾರಿಕೆ ಹುಟ್ಟುತ್ತದೆ. ಜೊತೆಗೆ, ಅಲ್ಲೇ ತಯಾರಾಗಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯಲ್ಲಿ ಸಂಗ್ರಹವಾಗಿದ್ದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ನಿರ್ನಾಳ ಗ್ರಂಥಿಗಳಿಗೆ ರಕ್ತವೇ ಅಂಚೆಯವ!

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೊರಹೋಗುವುದು ಒಂದೂವರೆ ಲೀಟರಿನಷ್ಟು. ಬಹುಪಾಲು ತಾನಾಗಿ ರಕ್ತಕ್ಕೆ ಮರಳುತ್ತದೆ. ಕೊನೆಯ ಪಾಲನ್ನು ಹಿಡಿದಿಡುವುದು ಈ ಹಾರ್ಮೋನು. ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುವುದು ಅದಕ್ಕೇ.

ಆದರೆ ಇದು ಇದ್ದ ನೀರನ್ನು ಉಳಿಸೀತು, ಹೊಸ ನೀರು ತಾರದು. ಶಾಲೆಯ ಶೌಚಾಲಯಕ್ಕೆ ಹೆದರಿ ದಿನವಿಡೀ ನೀರು ಕುಡಿಯದ ಹುಡುಗಿಯರಿಗೆ ಮುಂದೆ ಮೂತ್ರದ ಸೋಂಕು, ಕಲ್ಲು ಕಾಡಬಹುದು. ಸಂಜೆ ಮಗಳ ನೀರಿನ ಬಾಟಲಿ ಹಾಗೇ ತುಂಬಿ ಬಂದರೆ ತಾಯಿ ಕಾರಣ ಕೇಳಬೇಕು.