ಬಾಗಿಲ ಮೇಲಿನ ‘ಎಕ್ಸ್’ ಗುರುತು

ಇತ್ತೀಚೆಗೆ ಸಂಘಟನೆಯೊಂದರ ವಾರ್ಷಿಕ ಸಭೆಗೆ ಹೋಗಿದ್ದೆ. ವರದಿ ಭರ್ಜರಿಯಾಗಿತ್ತು. ಹನ್ನೆರಡು ಕಾರ್ಯಕ್ರಮಗಳು, ಎರಡು ರಕ್ತದಾನ ಶಿಬಿರಗಳು, ಪ್ರತಿಭಾ ಪುರಸ್ಕಾರ, ನೋಟ್ ಪುಸ್ತಕ ವಿತರಣೆ. ಸಭಿಕರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, ‘ಈ ವರ್ಷ ನಮ್ಮ ಮೊಹಲ್ಲಾದಲ್ಲಿ ಓದು ನಿಲ್ಲಿಸಿದ ಮಕ್ಕಳೆಷ್ಟು?’ ಎಂದು ಕೇಳಿದರು. ವೇದಿಕೆಯಲ್ಲಿದ್ದ ಯಾರಲ್ಲೂ ಉತ್ತರವಿರಲಿಲ್ಲ. ಮುಂದಿನ ವರ್ಷಕ್ಕೆ ಹದಿನೈದು ಕಾರ್ಯಕ್ರಮಗಳ ಗುರಿ ಘೋಷಿಸಿ ಸಭೆ ಮುಕ್ತಾಯಗೊಂಡಿತು.

ಗುರಿಯೇ ಇಲ್ಲವೆಂಬುದು ನಮ್ಮ ಸಂಘಟನೆಗಳ ಸಮಸ್ಯೆಯಲ್ಲ. ನಾವು ಮಾಡಿದ್ದನ್ನು ಎಣಿಸುತ್ತೇವೆ, ನಮ್ಮಿಂದ ತಪ್ಪಿಹೋದವರನ್ನು ಎಣಿಸುವುದಿಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಅರಿಯಲು ಈ ದೇಶದ್ದೇ ಎರಡು ಅನುಭವಗಳಿವೆ.

ಮೊದಲನೆಯದು ತುರ್ತು ಪರಿಸ್ಥಿತಿಯ ಕಾಲದ್ದು. 1976-77ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ರಾಷ್ಟ್ರಮಟ್ಟದಲ್ಲಿ ಸುಮಾರು 43 ಲಕ್ಷದ ಗುರಿಯಿತ್ತು. ನಡೆದದ್ದು 80 ಲಕ್ಷಕ್ಕೂ ಅಧಿಕ. ಕಡತದ ದೃಷ್ಟಿಯಿಂದ ಅಮೋಘ ಸಾಧನೆ! ಆದರೆ ಆ ಅಂಕಿಯ ಹಿಂದೆ ‘ಕೇಸು’ ತರದೆ ಸಂಬಳ ಕಳೆದುಕೊಂಡ ಶಿಕ್ಷಕರಿದ್ದರು. 1976ರ ನವೆಂಬರ್‌ನಲ್ಲಿ ಪೊಲೀಸರು ಸುತ್ತುವರಿದ, ಹರ್ಯಾಣದ ಮೇವಾತಿ ಮುಸ್ಲಿಮರ ಉಟಾವಡ್ ಗ್ರಾಮವಿತ್ತು. ಸಂಖ್ಯೆಯನ್ನು ಮೇಲಿನಿಂದ ಹೇರಿದಾಗ ಕೆಳಗಿನವನು ಮನುಷ್ಯನನ್ನು ನೋಡುವುದಿಲ್ಲ, ಭರ್ತಿ ಮಾಡಬೇಕಾದ ಖಾನೆಯನ್ನು ನೋಡುತ್ತಾನೆ. ಕುಟುಂಬ ಯೋಜನೆಯಲ್ಲಿ ಹೀಗೆ ಗುರಿ ಹಂಚುವ ಪದ್ಧತಿಯನ್ನು ಸರಕಾರ ಅಧಿಕೃತವಾಗಿ ಕೈಬಿಟ್ಟದ್ದು 1996ರಲ್ಲಿ, ಅಂದರೆ ಇಪ್ಪತ್ತು ವರ್ಷಗಳ ಬಳಿಕ.

ಎರಡನೆಯದು ಪೋಲಿಯೊ. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾಗಿ ಏಳು ವರ್ಷ ಕಳೆದರೂ, 2002ರಲ್ಲಿ ದೇಶದಲ್ಲಿ 1,600 ಪ್ರಕರಣಗಳು ವರದಿಯಾದವು. ಬಹುಪಾಲು ಉತ್ತರ ಪ್ರದೇಶದವು. ಬಾಧಿತರಲ್ಲಿ ಮುಸ್ಲಿಮ್ ಮಕ್ಕಳ ಪ್ರಮಾಣ ಆತಂಕಕಾರಿಯಾಗಿತ್ತು. ಹನಿ ಹಾಕಿಸಿದರೆ ಸಂತಾನಶಕ್ತಿ ನಾಶವಾಗುತ್ತದೆಂಬ ವದಂತಿ ಹಬ್ಬಿತ್ತು. ಅದು ಶುದ್ಧ ಸುಳ್ಳು. ಆದರೆ ಅದನ್ನು ಬರೀ ಅಜ್ಞಾನವೆಂದು ಜರಿದವರು 1976ನ್ನು ಮರೆತಿದ್ದರು.

ಈ ಅಭಿಯಾನದಲ್ಲಿ ನನ್ನನ್ನು ಬಹಳವಾಗಿ ಸೆಳೆದದ್ದು ಒಂದು ಸೀಮೆಸುಣ್ಣದ ತುಂಡು. ಮಕ್ಕಳೆಲ್ಲರೂ ಹನಿ ಪಡೆದ ಮನೆಯ ಗೋಡೆಗೆ ‘ಪಿ’ ಎಂದು ಗುರುತು. ಒಂದೇ ಒಂದು ಮಗು ಉಳಿದರೂ ‘ಎಕ್ಸ್’. ಬೀಗ ಹಾಕಿತ್ತೇ, ಮಗು ಅಸ್ವಸ್ಥವಾಗಿತ್ತೇ, ಹೆತ್ತವರು ನಿರಾಕರಿಸಿದರೇ ಎಂಬ ಕಾರಣವೂ ದಾಖಲಾಗುತ್ತಿತ್ತು. ಬಳಿಕ ಮತ್ತೊಂದು ತಂಡ ‘ಎಕ್ಸ್’ ಮನೆಗಳನ್ನೇ ಹುಡುಕಿಕೊಂಡು ಹೋಗುತ್ತಿತ್ತು. ನಿರಾಕರಣೆಯಿದ್ದಲ್ಲಿ ಮಸೀದಿಯ ಇಮಾಮರು ಜೊತೆಗೂಡಿದರು. ಅಲೀಗಢ ಮತ್ತು ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾನಿಲಯಗಳು ಕೈಜೋಡಿಸಿದವು.

‘ಚರಂಡಿ ತುಂಬಿ ಹರಿಯುತ್ತಿದೆ, ಮಗುವಿಗೆ ಭೇದಿಯಾದರೆ ವೈದ್ಯರಿಲ್ಲ, ಎರಡು ಹನಿ ಮಾತ್ರ ಮನೆಬಾಗಿಲಿಗೆ ಬರುವುದೇಕೆ?’ ಎಂಬ ಜನರ ಪ್ರಶ್ನೆಗೆ ಆಡಳಿತದ ಬಳಿ ಬಹುಕಾಲ ಉತ್ತರವಿರಲಿಲ್ಲ. ಆ ಪ್ರಶ್ನೆಯಲ್ಲಿ ವೈದ್ಯಕೀಯ ಸತ್ಯವೂ ಇತ್ತು: ಭೇದಿಯಿಂದ ಬಳಲುವ ಮಗುವಿನಲ್ಲಿ ಹನಿ ಸರಿಯಾಗಿ ಫಲಿಸದು. 2009ರಲ್ಲಿ 741 ಪ್ರಕರಣಗಳಿದ್ದಾಗ ಉತ್ತರ ಪ್ರದೇಶ ಮತ್ತು ಬಿಹಾರದ 107 ಬ್ಲಾಕ್‌ಗಳನ್ನು ಆಯ್ದು, ಹನಿಯ ಜೊತೆಗೆ ನೈರ್ಮಲ್ಯ ಮತ್ತು ಭೇದಿ ಚಿಕಿತ್ಸೆಗೂ ಒತ್ತು ಕೊಡಲಾಯಿತು. 2010ರಲ್ಲಿ ಪ್ರಕರಣಗಳು 42ಕ್ಕೆ ಇಳಿದವು. 2011ರಲ್ಲಿ ಒಂದೇ ಒಂದು, ಪಶ್ಚಿಮ ಬಂಗಾಳದ ಹೌರಾದ ಪುಟ್ಟ ಬಾಲಕಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಘೋಷಿತವಾಯಿತು.

ಈಗ ನಮ್ಮ ಜಮಾಅತ್‌ಗಳತ್ತ ನೋಡೋಣ. ಹೆಚ್ಚಿನ ಮಸೀದಿಗಳಲ್ಲಿ ಮನೆಮನೆಯ ಹೆಸರಿರುವ ದಪ್ಪ ಪುಸ್ತಕವೊಂದಿರುತ್ತದೆ. ಯಾವ ಮನೆಯ ವಂತಿಗೆ ಎಷ್ಟು ತಿಂಗಳಿಂದ ಬಾಕಿ ಎಂಬುದು ಕಾರ್ಯದರ್ಶಿಗೆ ಬಾಯಿಪಾಠ. ಅದೇ ಮನೆಯ ಮಗಳು ಓದು ನಿಲ್ಲಿಸಿದ್ದು ಮಾತ್ರ ಆತನಿಗೆ ತಿಳಿಯದು. ಆ ಪುಸ್ತಕದಲ್ಲಿ ಇನ್ನೊಂದು ಅಂಕಣ ಎಳೆಯಲು ಹಣ ಬೇಕೇ, ವೇದಿಕೆ ಬೇಕೇ? ‘ಎಕ್ಸ್’ ಬಿದ್ದ ಮನೆಗೆ ಎರಡನೆಯ ಬಾರಿ ಯಾರು ಹೋಗುತ್ತಾರೆ ಎಂಬುದನ್ನೂ ಸಭೆಯಲ್ಲೇ ಗೊತ್ತುಪಡಿಸಬೇಕು, ಹೋಗುವವರಲ್ಲಿ ಮಹಿಳೆಯರಿರಬೇಕು. ದಂಡ, ಬಹಿರಂಗ ಬೈಗುಳ ಎಂದು ಹೊರಟರೆ ಮಾತ್ರ ನಾವೂ 1976ರ ಅಧಿಕಾರಿಗಳೇ ಆಗುತ್ತೇವೆ.

ಅಂದು ಸಭೆಯಿಂದ ಹೊರಬರುವಾಗ ಆ ಹಿರಿಯರ ಜೊತೆ ಮಾತಿಗಿಳಿದೆ. ಎಸೆಸೆಲ್ಸಿ ಪಾಸಾದ ಅವರ ಮೊಮ್ಮಗಳು ಒಂದು ವರ್ಷದಿಂದ ಮನೆಯಲ್ಲೇ ಇದ್ದಾಳೆ. ಕಾಲೇಜು ಬಿಡುವ ಹೊತ್ತಿಗೆ ಅವರ ಬಡಾವಣೆಗೆ ಬಸ್ಸಿಲ್ಲವಂತೆ.